ಕೊಂಡಿ ಕಣ್ಣಿಗೆ ಕಾಣದಿದ್ದರೂ ಅದು ಇದೆ ಎಂದು ಹೇಳುವುದು ಹೇಗೆ?

2025ರ ಜನವರಿಯಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಒಂದು ಸುದ್ದಿ ಹೊರಬಿತ್ತು. ಅಲ್ಲಿನ ವಿಲಿಯಂ ಡಿಕ್ಟೆಲ್ ಅವರ ತಂಡ ಹೊಸ ಬಗೆಯ ಪಾಲಿಮರ್ ಹಾಳೆಯೊಂದನ್ನು ತಯಾರಿಸಿದೆ. ಅದರೊಳಗಿನ ಅಣುಗಳು, ಹಳೇ ಕಾಲದ ಯೋಧರು ತೊಡುತ್ತಿದ್ದ ಸರಪಳಿ ಕವಚದ ಹಾಗೆ, ಒಂದರೊಳಗೊಂದು ಸಿಕ್ಕಿಕೊಂಡಿವೆ. ಒಂದು ಚದರ ಸೆಂಟಿಮೀಟರ್‌ನಲ್ಲಿ ಇಂಥ 100 ಲಕ್ಷ ಕೋಟಿ ಕೊಂಡಿಗಳಿವೆ. ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಬಂದದ್ದೇ ತಡ, ಸುದ್ದಿಮನೆಗಳು ಅದನ್ನು ನಾಳೆಯ ಗುಂಡು ನಿರೋಧಕ ಅಂಗಿ ಮಾಡಿಬಿಟ್ಟವು.

ಓದಿದವರಿಗೆ ಸಹಜವಾಗಿಯೇ ಗೊಂದಲ. ಈ ಕೊಂಡಿ ಎಂದರೆ ಶಾಲೆಯಲ್ಲಿ ಕಲಿತ ರಾಸಾಯನಿಕ ಬಂಧವೇ? ಅದಲ್ಲವಾದರೆ ಬಿಟ್ಟುಹೋಗುವುದಿಲ್ಲವೇ? ಅಷ್ಟು ಕೋಟಿ ಕೊಂಡಿಗಳನ್ನು ಎಣಿಸಿದವರು ಯಾರು? ಮೂರರಲ್ಲಿ ಕೊನೆಯ ಪ್ರಶ್ನೆಯೇ ಒಳ್ಳೆಯ ಪ್ರಶ್ನೆ. ಈ ಕ್ಷೇತ್ರದ ಕೆಮಿಸ್ಟ್‌ಗಳು ಅರವತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದೂ ಅದರ ಬಗ್ಗೆಯೇ.

ಬಂಧವಿಲ್ಲ, ಆದರೂ ಬಿಡಿಸಲಾಗದು

ಎರಡು ಉಂಗುರದಾಕಾರದ ಅಣುಗಳು ಒಂದರೊಳಗೊಂದು ತೂರಿಕೊಂಡಿದ್ದರೆ ಅದು ಕ್ಯಾಟೆನೇನ್. ಒಂದು ಉದ್ದನೆಯ ಅಣುವಿನ ಮೇಲೆ ಉಂಗುರವೊಂದು ಕೂತಿದ್ದು, ಆ ಉಂಗುರ ಜಾರಿಹೋಗದ ಹಾಗೆ ಎರಡೂ ತುದಿಗಳಲ್ಲಿ ದಪ್ಪನೆಯ ಗುಂಪುಗಳಿದ್ದರೆ ಅದು ರೊಟಾಕ್ಸೇನ್. ಎರಡರಲ್ಲೂ ಭಾಗಗಳ ನಡುವೆ ಎಲೆಕ್ಟ್ರಾನ್ ಹಂಚಿಕೆ ಇರಬೇಕಿಲ್ಲ. ಆದರೂ ಬೇರ್ಪಡಿಸಬೇಕಾದರೆ ಒಂದು ಉಂಗುರವನ್ನೋ ತುದಿಯನ್ನೋ ಮುರಿಯಲೇಬೇಕು. ಬರೀ ಆಕಾರದಿಂದ ಹುಟ್ಟುವ ಈ ಹಿಡಿತಕ್ಕೆ ಯಾಂತ್ರಿಕ ಬಂಧ ಎನ್ನುತ್ತಾರೆ. 2016ರ ಕೆಮಿಸ್ಟ್ರಿ ನೊಬೆಲ್ ಅನ್ನು ಜಾನ್-ಪಿಯೆರ್ ಸೊವಾಜ್, ಫ್ರೇಜರ್ ಸ್ಟಾಡರ್ಟ್, ಬೆನ್ ಫೆರಿಂಗಾ ಹಂಚಿಕೊಂಡರಲ್ಲ, ಅವರಲ್ಲಿ ಮೊದಲ ಇಬ್ಬರ ಕೆಲಸ ನಿಂತಿರುವುದು ಇದರ ಮೇಲೆಯೇ.

ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಅಣುವಿನೊಳಗೆ ಏನಿದೆ ಎಂದು ತಿಳಿಯಲು ನಮಗಿರುವ ಮುಖ್ಯ ದಾರಿ ಸ್ಪೆಕ್ಟ್ರೋಸ್ಕೋಪಿ, ಅಂದರೆ ರೋಹಿತ ದರ್ಶನ. ಅಣುವಿನ ಮೇಲೆ ಬೆಳಕನ್ನೋ ರೇಡಿಯೋ ತರಂಗವನ್ನೋ ಹಾಯಿಸಿ, ಯಾವ ಆವರ್ತಾಂಕವನ್ನು ಅದು ಹೀರಿಕೊಂಡಿತು ಎಂದು ನೋಡುವ ವಿಧಾನ. ಹೀರಿದ ಆವರ್ತಾಂಕಗಳು ಗೆರೆಗಳಾಗಿ ಕಾಣುವ ನಕ್ಷೆಯೇ ರೋಹಿತ. ಅತಿಗೆಂಪು ಬೆಳಕು ಬಂಧಗಳ ಕಂಪನವನ್ನು ತೋರಿಸುತ್ತದೆ. ಕಣ್ಣಿಗೆ ಕಾಣುವ ಬೆಳಕು ಮತ್ತು ಅತಿನೇರಳೆ ಎಲೆಕ್ಟ್ರಾನ್‌ಗಳ ಜಿಗಿತವನ್ನು ತೋರಿಸುತ್ತವೆ. ಕಾಂತಕ್ಷೇತ್ರದಲ್ಲಿಟ್ಟು ರೇಡಿಯೋ ತರಂಗ ಹಾಯಿಸುವ ಎನ್‌ಎಂಆರ್ ವಿಧಾನ ಪರಮಾಣು ಬೀಜದ ಸುತ್ತಮುತ್ತ ಏನಿದೆ ಎಂದು ಹೇಳುತ್ತದೆ. ಉಂಗುರ ಉಂಗುರದೊಳಗೆ ತೂರಿಕೊಂಡಾಗ ಹೊಸ ಬಂಧ ಹುಟ್ಟುವುದಿಲ್ಲ. ಹಾಗಾಗಿ ಅತಿಗೆಂಪು ರೋಹಿತದಲ್ಲಿ ಹೊಸ ಗೆರೆ ಮೂಡುವುದಿಲ್ಲ. ನೇರವಾಗಿ ಹೇಳಬೇಕೆಂದರೆ, ‘ಇದೇ ಯಾಂತ್ರಿಕ ಬಂಧ’ ಎಂದು ಬೊಟ್ಟು ಮಾಡಬಹುದಾದ ಗೆರೆ ಯಾವ ರೋಹಿತದಲ್ಲೂ ಇಲ್ಲ.

ಅಂದಮೇಲೆ ಈ ಕ್ಷೇತ್ರದ ಪ್ರತಿಯೊಂದು ಘೋಷಣೆಯೂ ಸುತ್ತುಬಳಸಿನ ಸಾಕ್ಷಿಯ ಮೇಲೆ ನಿಂತಿರುತ್ತದೆ. ಆ ಸಾಕ್ಷಿ ಎಷ್ಟು ಗಟ್ಟಿ, ಅದಕ್ಕೆ ಬೇರೆ ಅರ್ಥ ಹೇಳಲು ಜಾಗ ಇದೆಯೇ ಎಂಬುದರಲ್ಲೇ ಎಲ್ಲ ವಾದ ಅಡಗಿದೆ.

1960: ಭಾರದ ಹೈಡ್ರೋಜನ್ ಕೊಟ್ಟ ಸುಳಿವು

ಮೊದಲ ಕ್ಯಾಟೆನೇನ್ ಮಾಡಿದ್ದು ಬೆಲ್ ಲ್ಯಾಬ್ಸ್‌ನ ಎಡೆಲ್ ವಾಸರ್‌ಮನ್. 34 ಇಂಗಾಲಗಳ ಒಂದು ಉಂಗುರ ತೆಗೆದುಕೊಂಡರು. ಅದರಲ್ಲಿ ಕೆಲವು ಹೈಡ್ರೋಜನ್‌ಗಳ ಬದಲು ಡ್ಯುಟೀರಿಯಂ, ಅಂದರೆ ಭಾರದ ಹೈಡ್ರೋಜನ್ ಇತ್ತು. ಆ ಉಂಗುರಗಳ ಜೊತೆ ಉದ್ದನೆಯ ಸರಪಳಿ ಅಣುಗಳನ್ನು ಬೆರೆಸಿ, ಸರಪಳಿಯ ತುದಿಗಳು ಒಂದಕ್ಕೊಂದು ಸೇರಿ ಉಂಗುರವಾಗುವಂತೆ ಮಾಡಿದರು. ಲೆಕ್ಕಾಚಾರ ಸರಳ: ಕೋಟ್ಯಂತರ ಸರಪಳಿಗಳಲ್ಲಿ ಕೆಲವಾದರೂ ಮುಚ್ಚಿಕೊಳ್ಳುವ ಹೊತ್ತಿಗೆ ಡ್ಯುಟೀರಿಯಂ ಉಂಗುರದೊಳಗೆ ತೂರಿರಬೇಕು. ಪೂರ್ತಿ ಅದೃಷ್ಟದ ಆಟ.

ಹೊಸದಾಗಿ ಮುಚ್ಚಿಕೊಂಡ ಉಂಗುರದಲ್ಲಿ ಆಮ್ಲಜನಕ ಇದ್ದುದರಿಂದ ಹಳೆಯ ಉಂಗುರಗಳಿಂದ ಅದನ್ನು ಸುಲಭವಾಗಿ ಬೇರೆ ಮಾಡಬಹುದಿತ್ತು. ಬೇರೆ ಮಾಡಿದ ಮೇಲೆ ಅದರ ಅತಿಗೆಂಪು ರೋಹಿತ ತೆಗೆದರು. ಇಂಗಾಲ-ಡ್ಯುಟೀರಿಯಂ ಬಂಧದ ಗೆರೆ ಅಲ್ಲೇ ಇತ್ತು! ಡ್ಯುಟೀರಿಯಂ ಭಾರ ಜಾಸ್ತಿ, ಹಾಗಾಗಿ ಆ ಬಂಧ ನಿಧಾನವಾಗಿ ಕಂಪಿಸುತ್ತದೆ. ತರಂಗಸಂಖ್ಯೆಯ ಲೆಕ್ಕದಲ್ಲಿ (ಒಂದು ಸೆಂಟಿಮೀಟರ್‌ಗೆ ಎಷ್ಟು ಅಲೆಗಳು ಎಂಬ ಅಳತೆ) ಸಾಮಾನ್ಯ ಇಂಗಾಲ-ಹೈಡ್ರೋಜನ್ ಬಂಧದ ಗೆರೆ 2900ರ ಆಸುಪಾಸಿನಲ್ಲಿದ್ದರೆ ಇದರದ್ದು 2100-2200ರ ಸುಮಾರಿಗೆ ಬೀಳುತ್ತದೆ. ಅಲ್ಲಿ ಬೇರೆ ಬಂಧಗಳ ಗದ್ದಲ ಕಡಿಮೆ, ಆದ್ದರಿಂದ ಸಣ್ಣ ಗೆರೆಯೂ ಕಾಣುತ್ತದೆ. ಎಷ್ಟು ಶುದ್ಧ ಮಾಡಿದರೂ ಡ್ಯುಟೀರಿಯಂ ಉಂಗುರ ಜೊತೆಗೇ ಬರುತ್ತಿದೆ ಎಂದರೆ ಅದು ಸಿಕ್ಕಿಕೊಂಡಿರಬೇಕು.

‘ಸುಮ್ನೆ ಅಂಟಿಕೊಂಡಿದ್ದರೆ?’ ಎಂದು ಯಾರಾದರೂ ಕೇಳಬಹುದಲ್ವಾ? ವಾಸರ್‌ಮನ್ ಅದಕ್ಕೂ ತಯಾರಿದ್ದರು. ಆಮ್ಲಜನಕವಿರುವ ಉಂಗುರವನ್ನು ಮಾತ್ರ ರಾಸಾಯನಿಕವಾಗಿ ಕತ್ತರಿಸಿದರು. ಡ್ಯುಟೀರಿಯಂ ಉಂಗುರ ಬಿಡುಗಡೆಯಾಗಿ ಹೊರಬಂತು. ಸಿಕ್ಕ ಪ್ರಮಾಣ ತೀರಾ ಅತ್ಯಲ್ಪವಾಗಿದ್ದರೂ ವಾದದ ಕ್ರಮ ಅಚ್ಚುಕಟ್ಟಾಗಿತ್ತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಸುಂದರ ಪ್ರಯೋಗ ಇದೇ.

1967ರಲ್ಲಿ ಹ್ಯಾರಿಸನ್ ದಂಪತಿ ರೊಟಾಕ್ಸೇನ್ ಮಾಡಿದಾಗಲೂ ಅದೃಷ್ಟವನ್ನೇ ನಂಬಿದ್ದರು. ಒಂದೇ ಕ್ರಿಯೆಯನ್ನು 70 ಸಲ ಮಾಡಿ ಶೇಕಡ 6ರಷ್ಟು ಪಡೆದರು. ಪರಿಸ್ಥಿತಿ ಬದಲಾದದ್ದು 1983ರಲ್ಲಿ. ಸ್ಟ್ರಾಸ್‌ಬೋರ್ಗ್‌ನಲ್ಲಿ ಸೊವಾಜ್ ತಂಡ ತಾಮ್ರದ ಅಯಾನನ್ನು ನಡುವೆ ಇಟ್ಟು ಎರಡು ಭಾಗಗಳನ್ನು ಅಡ್ಡಡ್ಡಲಾಗಿ ಹಿಡಿದು, ಆಮೇಲೆ ಉಂಗುರ ಮುಚ್ಚಿತು, ಕೊನೆಗೆ ತಾಮ್ರವನ್ನು ತೆಗೆಯಿತು. ಇಳುವರಿ ಒಮ್ಮೆಲೇ ಹತ್ತಾರು ಶೇಕಡಕ್ಕೆ ಏರಿತು. ಕೈತುಂಬ ವಸ್ತು ಸಿಕ್ಕಿದ್ದರಿಂದ ಬೇರೆ ಬೇರೆ ಉಪಕರಣಗಳಲ್ಲಿ ನೋಡಲು ಸಾಧ್ಯವಾಯಿತು. ಪ್ರಶ್ನೆಗಳೂ ಸೂಕ್ಷ್ಮವಾದವು.

ಹತ್ತಿರ ಇರುವುದು ಬೇರೆ, ಸಿಕ್ಕಿಕೊಂಡಿರುವುದು ಬೇರೆ

ಇಂದು ಇಂಥ ಅಣುವನ್ನು ಮಾಡಿದವರು ಮೊದಲು ಓಡುವುದು ಎನ್‌ಎಂಆರ್ ಯಂತ್ರದ ಹತ್ತಿರ. ಬೆಂಜೀನ್‌ನಂಥ ಚಪ್ಪಟೆ ಉಂಗುರದ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತವೆ. ಆ ಉಂಗುರದ ಮೇಲೋ ಕೆಳಗೋ ಇರುವ ಹೈಡ್ರೋಜನ್‌ಗೆ ಕ್ಷೇತ್ರ ಸ್ವಲ್ಪ ಕಡಿಮೆ ತಾಗುತ್ತದೆ, ಅದರ ಗೆರೆ ಪಕ್ಕಕ್ಕೆ ಸರಿಯುತ್ತದೆ. ಬಿಡಿ ಭಾಗಗಳ ರೋಹಿತವನ್ನೂ ಕೂಡಿದ ಅಣುವಿನ ರೋಹಿತವನ್ನೂ ಅಕ್ಕಪಕ್ಕ ಇಟ್ಟರೆ ಎಲ್ಲಿ ಏನು ಒತ್ತಿಕೊಂಡಿದೆ ಎಂಬ ನಕ್ಷೆಯೇ ಸಿಗುತ್ತದೆ.

ಆದರೆ ಎನ್‌ಎಂಆರ್ ಹೇಳುವುದು ‘ಇವೆರಡು ಹತ್ತಿರ ಇವೆ’ ಎಂದಷ್ಟೇ. ಒಂದರ ಪಕ್ಕ ಒಂದು ದುರ್ಬಲ ಆಕರ್ಷಣೆಯಿಂದ ಕೂತಿದ್ದರೂ ಗೆರೆಗಳು ಹಾಗೆಯೇ ಸರಿಯುತ್ತವೆ. ಆದ್ದರಿಂದ ಇನ್ನೊಂದು ಪರೀಕ್ಷೆ ಬೇಕು. ದ್ರಾವಣವನ್ನು ತೆಳುವಾಗಿಸುತ್ತಾ ಹೋಗಿ, ಬಿಸಿ ಮಾಡಿ, ಅಥವಾ ಆಕರ್ಷಣೆಯನ್ನು ಕೆಡಿಸುವ ದ್ರಾವಕಕ್ಕೆ ಹಾಕಿ. ಸುಮ್ನೆ ಅಂಟಿಕೊಂಡವು ಬೇರೆಯಾಗುತ್ತವೆ. ಸಿಕ್ಕಿಕೊಂಡವು ಆಗುವುದಿಲ್ಲ. ಎನ್‌ಎಂಆರ್‌ನಲ್ಲೇ ಅಣು ಎಷ್ಟು ಬೇಗ ಅಲೆಯುತ್ತದೆ ಎಂದು ಅಳೆಯುವ ವಿಧಾನವೂ ಇದೆ. ಎರಡೂ ಭಾಗಗಳು ಯಾವಾಗಲೂ ಒಂದೇ ವೇಗದಲ್ಲಿ ಅಲೆದರೆ ಅವು ಜೊತೆಯಲ್ಲೇ ಓಡಾಡುತ್ತಿವೆ ಎಂದರ್ಥ.

ಮಾಸ್ ಸ್ಪೆಕ್ಟ್ರೋಮೆಟ್ರಿಯ ಸಾಕ್ಷಿ ಬೇರೆ ಜಾತಿಯದು. ಅದು ಬೆಳಕಿನ ಲೆಕ್ಕವಲ್ಲ, ತೂಕದ ಲೆಕ್ಕ. ಒಂದೇ ತೂಕದ ಎರಡು ಉಂಗುರಗಳ ಕ್ಯಾಟೆನೇನ್ ಇದೆ ಎಂದುಕೊಳ್ಳಿ. ಅದರಷ್ಟೇ ತೂಕದ ಒಂದೇ ದೊಡ್ಡ ಉಂಗುರವೂ ಇರಬಹುದು. ಬರೀ ತೂಕ ನೋಡಿದರೆ ವ್ಯತ್ಯಾಸ ತಿಳಿಯದು. ಆದರೆ ಎರಡನ್ನೂ ಒಡೆದು ನೋಡಿ. ದೊಡ್ಡ ಉಂಗುರ ಒಡೆದಾಗ ಪೂರ್ತಿ ತೂಕದಿಂದ ಕೆಳಕ್ಕೆ ನಾನಾ ಗಾತ್ರದ ಚೂರುಗಳು ಬರುತ್ತವೆ. ಕ್ಯಾಟೆನೇನ್‌ನಲ್ಲಿ ಒಂದು ಉಂಗುರ ಒಂದೇ ಕಡೆ ತುಂಡಾದರೂ ಸಾಕು, ಇನ್ನೊಂದು ಕಳಚಿಕೊಳ್ಳುತ್ತದೆ. ಹಾಗಾಗಿ ಪೂರ್ತಿ ತೂಕದಿಂದ ನೇರ ಅರ್ಧಕ್ಕೆ ಇಳಿಯುತ್ತದೆ, ನಡುವೆ ಬಹುಮಟ್ಟಿಗೆ ಖಾಲಿ. ಆ ಖಾಲಿ ಜಾಗವೇ ಸಾಕ್ಷಿ.

ಇಷ್ಟೆಲ್ಲ ಕಷ್ಟ ಯಾಕೆ, ಹರಳು ಬೆಳೆಸಿ ಎಕ್ಸ್-ಕಿರಣದಲ್ಲಿ ನೋಡಿದರೆ ಆಗದೇ ಎನ್ನುವ ಪಂಥವೂ ಇದೆ. ಆಗುತ್ತದೆ, ಹರಳು ಬೆಳೆದರೆ. ಆಗ ಪರಮಾಣುಗಳ ಜಾಗ ಗೊತ್ತಾಗಿ ವಾದವೇ ಮುಗಿಯುತ್ತದೆ. ಆದರೆ ಹರಳಿನೊಳಗೆ ಅಣು ಬಿಗಿಯಾಗಿ ಕೂತಿರುತ್ತದೆ. ಈ ಅಣುಗಳ ಮಜಾ ಇರುವುದು ಅವುಗಳ ಓಡಾಟದಲ್ಲಿ. ಆ ಓಡಾಟ ನೋಡಲು ಮತ್ತೆ ಸ್ಪೆಕ್ಟ್ರೋಸ್ಕೋಪಿಗೇ ಬರಬೇಕು.

ಉಂಗುರ ಓಡುತ್ತದೆಯೋ, ಅಲೆಯುತ್ತದೆಯೋ?

1991ರಲ್ಲಿ ಸ್ಟಾಡರ್ಟ್ ತಂಡ ಒಂದು ರೊಟಾಕ್ಸೇನ್ ಮಾಡಿತು. ಅದರ ಕಡ್ಡಿಯ ಮೇಲೆ ಒಂದೇ ಥರದ ಎರಡು ನಿಲ್ದಾಣಗಳು. ಉಂಗುರ ಎರಡರ ನಡುವೆ ಓಡಾಡುತ್ತಿತ್ತು. ಕೋಣೆಯ ತಾಪಮಾನದಲ್ಲಿ ಸೆಕೆಂಡಿಗೆ ಸುಮಾರು 500 ಬಾರಿ! ಈ ಸಂಖ್ಯೆ ಬಂದದ್ದು ಎನ್‌ಎಂಆರ್‌ನಿಂದ.

ಫ್ಯಾನ್ ನಿಧಾನ ತಿರುಗುವಾಗ ರೆಕ್ಕೆಗಳು ಬೇರೆ ಬೇರೆ ಕಾಣುತ್ತವೆ, ಜೋರು ಮಾಡಿದರೆ ಒಂದೇ ಬಿಲ್ಲೆಯಂತೆ ಕಾಣುತ್ತದೆ. ಎನ್‌ಎಂಆರ್‌ನದ್ದೂ ಅದೇ ಕಥೆ. ತಣ್ಣಗಿದ್ದಾಗ ಉಂಗುರ ಕೂತಿರುವ ನಿಲ್ದಾಣಕ್ಕೊಂದು, ಖಾಲಿ ನಿಲ್ದಾಣಕ್ಕೊಂದು ಗೆರೆ. ಬಿಸಿ ಮಾಡುತ್ತಾ ಹೋದರೆ ಎರಡೂ ಅಗಲವಾಗಿ ಒಂದು ತಾಪಮಾನದಲ್ಲಿ ಕೂಡಿಕೊಳ್ಳುತ್ತವೆ. ಮೊದಲಿದ್ದ ಎರಡು ಗೆರೆಗಳ ಅಂತರವನ್ನು ಹರ್ಟ್ಸ್‌ನಲ್ಲಿ ತೆಗೆದುಕೊಂಡು ಸುಮಾರು 2.2ರಿಂದ ಗುಣಿಸಿದರೆ, ಆ ತಾಪಮಾನದಲ್ಲಿ ಉಂಗುರ ಸೆಕೆಂಡಿಗೆ ಎಷ್ಟು ಸಲ ಜಿಗಿಯುತ್ತದೆ ಎಂಬ ಲೆಕ್ಕ ಸಿಗುತ್ತದೆ.

ಇನ್ನೂ ವೇಗದ ಚಲನೆಗೆ ಲೇಸರ್ ಬೇಕು. 2001ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಫ್ರೆಡ್ ಬ್ರೌವರ್, ಬ್ರಿಟನ್‌ನ ಡೇವಿಡ್ ಲೀ ಮತ್ತು ಸಂಗಡಿಗರು ನ್ಯಾನೋಸೆಕೆಂಡ್ ಲೇಸರ್ ಮಿಂಚಿನಿಂದ ಎರಡನೇ ನಿಲ್ದಾಣಕ್ಕೆ ಒಂದು ಎಲೆಕ್ಟ್ರಾನ್ ಸೇರುವಂತೆ ಮಾಡಿದರು. ಉಂಗುರಕ್ಕೆ ಈಗ ಆ ನಿಲ್ದಾಣವೇ ಇಷ್ಟ. ದ್ರಾವಣ ಹೀರುವ ಬೆಳಕು ಹೇಗೆ ಬದಲಾಗುತ್ತದೆ ಎಂದು ಕ್ಷಣಕ್ಷಣಕ್ಕೂ ಗಮನಿಸಿದಾಗ ಗೊತ್ತಾದದ್ದು: ಹೋಗಲು ಸುಮಾರು ಒಂದು ಮೈಕ್ರೋಸೆಕೆಂಡ್. ಸುಮಾರು ನೂರು ಮೈಕ್ರೋಸೆಕೆಂಡ್ ಆದಮೇಲೆ ಎಲೆಕ್ಟ್ರಾನ್ ಹಿಂದಕ್ಕೆ ಹೋಗುತ್ತದೆ, ಉಂಗುರವೂ ಹಳೇ ಜಾಗಕ್ಕೆ ವಾಪಸ್.

ಇಲ್ಲಿ ಎರಡು ನಿಲುವುಗಳು ಎದುರಾದವು. ಬೆಳಕು ಉಂಗುರವನ್ನು ಪಿಸ್ಟನ್‌ನಂತೆ ತಳ್ಳುತ್ತದೆ ಎಂಬ ಚಿತ್ರ ಒಂದು. ಬೆಳಕು ತಳ್ಳುವುದೇನೂ ಇಲ್ಲ, ನಿಲ್ದಾಣದ ಆಕರ್ಷಣೆಯನ್ನಷ್ಟೇ ಬದಲಿಸುತ್ತದೆ, ಓಡಾಟವೆಲ್ಲ ಶಾಖದ ಕುಲುಕಾಟದಿಂದ ಎಂಬ ಚಿತ್ರ ಇನ್ನೊಂದು. 2010ರಲ್ಲಿ ಅದೇ ಬಗೆಯ ಅಣುಗಳನ್ನು ಅತಿಗೆಂಪು ಮಿಂಚುಗಳಲ್ಲಿ ನೋಡಿದರು. ನಿಲ್ದಾಣಗಳು ಹೈಡ್ರೋಜನ್ ಬಂಧ ಎಂಬ ದುರ್ಬಲ ಆಕರ್ಷಣೆಯಿಂದ ಉಂಗುರವನ್ನು ಹಿಡಿಯುತ್ತವೆ. ಆ ಹಿಡಿತ ಬಿಟ್ಟರೂ ಸೇರಿದರೂ ಇಂಗಾಲ-ಆಮ್ಲಜನಕ ಬಂಧದ ಕಂಪನದಲ್ಲಿ ತಕ್ಷಣ ತಿಳಿಯುತ್ತದೆ. ಹೊರಡುವುದೂ ತಲುಪುವುದೂ ಹೀಗೆ ಬೇರೆಬೇರೆಯಾಗಿ ಕಂಡವು. ಉಂಗುರ ಮೊದಲು ಹಿಡಿತ ಬಿಡಿಸಿಕೊಳ್ಳುತ್ತದೆ, ಆಮೇಲೆ ಕಡ್ಡಿಯ ಮೇಲೆ ಹಿಂದೆ ಮುಂದೆ ಅಲೆಯುತ್ತದೆ, ಕೊನೆಗೆ ಹೊಸ ನಿಲ್ದಾಣದ ಹಿಡಿತಕ್ಕೆ ಸಿಗುತ್ತದೆ. ಎರಡನೇ ಪಕ್ಷದ ಮಾತಿಗೆ ತೂಕ ಬಂತು. 2013ರಲ್ಲಿ ಇನ್ನೊಂದು ಚಂದದ ಸಂಗತಿ ಹೊರಬಂತು: ದ್ರಾವಕಕ್ಕೆ ಸ್ವಲ್ಪವೇ ನೀರು ಬೆರೆಸಿದರೂ ಉಂಗುರದ ಓಡಾಟ ಚುರುಕಾಗುತ್ತದೆ. ನೀರಿನ ಅಣುಗಳು ಹೈಡ್ರೋಜನ್ ಬಂಧಗಳ ಮಧ್ಯೆ ನುಗ್ಗಿ ಹಿಡಿತವನ್ನು ಸಡಿಲ ಮಾಡುತ್ತವೆ.

‘ಅಣು ಯಂತ್ರ’ ಎಂಬ ಸುದ್ದಿ ಓದುವಾಗ ಇದು ನೆನಪಿನಲ್ಲಿರಲಿ. ಆ ಯಂತ್ರದಲ್ಲಿ ಮೋಟಾರು ಬೈಕಿನ ಥರದ ತಳ್ಳಾಟ ಇಲ್ಲ.

ಹಸಿರು ಬಣ್ಣ ಮತ್ತು ಒಂದು ಹಳೇ ಜಗಳ

ಸಾಕ್ಷಿ ಸಾಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ರೊಟಾಕ್ಸೇನ್ ಮೆಮೊರಿ. ಸ್ಟಾಡರ್ಟ್ ಅವರ ನಾಲ್ಕು ಧನ ಆವೇಶದ ಉಂಗುರ, ಟಿಟಿಎಫ್ ಎಂಬ ಗಂಧಕಭರಿತ ನಿಲ್ದಾಣದ ಮೇಲೆ ಕೂತರೆ ದ್ರಾವಣ ಹಸಿರು. ವಿದ್ಯುತ್ತಿನಿಂದ ಟಿಟಿಎಫ್‌ನ ಎಲೆಕ್ಟ್ರಾನ್ ಕಿತ್ತರೆ ಅದಕ್ಕೂ ಧನ ಆವೇಶ ಬರುತ್ತದೆ. ಧನ-ಧನ ವಿಕರ್ಷಣೆಯಿಂದ ಉಂಗುರ ಇನ್ನೊಂದು ನಿಲ್ದಾಣಕ್ಕೆ ಹಾರುತ್ತದೆ. ಹಸಿರು ಮಾಯ. ಗಾಜಿನ ಸೀಸೆಯಲ್ಲಿ ಇದರ ಬಗ್ಗೆ ತಕರಾರಿಲ್ಲ. ಬಣ್ಣ ಕಣ್ಣಿಗೇ ಕಾಣುತ್ತದೆ, ಎನ್‌ಎಂಆರ್ ಕೂಡ ಹೌದು ಎನ್ನುತ್ತದೆ.

ಇದೇ ಅಣುಗಳ ಒಂದೇ ಪದರವನ್ನು ಎರಡು ತಂತಿಗಳ ನಡುವೆ ಇಟ್ಟು ಕಂಪ್ಯೂಟರ್ ಮೆಮೊರಿ ಮಾಡಲು ಸ್ಟಾಡರ್ಟ್ ಮತ್ತು ಇನ್ನೊಬ್ಬ ಕೆಮಿಸ್ಟ್ ಜೇಮ್ಸ್ ಹೀತ್ ಹೊರಟರು. ಉಂಗುರ ಇಲ್ಲಿದ್ದರೆ 0, ಅಲ್ಲಿದ್ದರೆ 1. ತೊಂದರೆ ಏನೆಂದರೆ ಲೋಹದ ತಂತಿಗಳ ನಡುವಿನ ಆ ಪದರಕ್ಕೆ ಬೆಳಕು ಹೋಗದು, ಎನ್‌ಎಂಆರ್‌ಗೆ ವಸ್ತು ಸಾಲದು. ಅಳೆಯಲು ಉಳಿದದ್ದು ಕರೆಂಟ್ ಮಾತ್ರ. ಕರೆಂಟ್ ಏನೋ ಬದಲಾಯಿತು. ಆದರೆ 2004ರಲ್ಲಿ ಹ್ಯೂಲೆಟ್-ಪ್ಯಾಕಾರ್ಡ್ ಸಂಶೋಧಕರು, ಸ್ಟಾಡರ್ಟ್ ಅವರೂ ಸಹಲೇಖಕರಾಗಿದ್ದ ಪ್ರಬಂಧದಲ್ಲಿ, ಪ್ಲಾಟಿನಂ-ಟೈಟಾನಿಯಂ ತಂತಿಗಳ ನಡುವೆ ಉಂಗುರವೇ ಇಲ್ಲದ ಸಾದಾ ಕೊಬ್ಬಿನ ಆಮ್ಲ ಇಟ್ಟರೂ ಅದೇ ರೀತಿ ಸ್ವಿಚ್ ಆಗುತ್ತದೆ ಎಂದು ತೋರಿಸಿದರು. ಅಂದರೆ ಆ ಸಾಧನದಲ್ಲಿ ಕೆಲಸ ಮಾಡುತ್ತಿದ್ದುದು ಉಂಗುರವಲ್ಲ.

ಜೇಮ್ಸ್ ಹೀತ್ ಮತ್ತು ಸ್ಟಾಡರ್ಟ್ ಕೈಬಿಡಲಿಲ್ಲ. ಲೋಹದ ಬದಲು ಸಿಲಿಕಾನ್ ತಂತಿ ಬಳಸಿದರೆ ಆ ಕಾಟ ಇರುವುದಿಲ್ಲ ಎಂಬುದು ಅವರ ವಾದ. ದ್ರಾವಣದಲ್ಲಿ, ಜೆಲ್‌ನಲ್ಲಿ, ಸಾಧನದಲ್ಲಿ ಉಂಗುರ ವಾಪಸಾಗುವ ವೇಗವನ್ನು ಅಳೆದು ಮೂರಕ್ಕೂ ಒಂದೇ ಕಥೆ ಹೊಂದುತ್ತದೆ ಎಂದು ತೋರಿಸಿದರು. 2007ರಲ್ಲಿ 1,60,000 ಬಿಟ್‌ಗಳ ಮೆಮೊರಿಯೂ ಬಂತು. ದೋಷಗಳು ಬಹಳ ಇದ್ದವು, ಮಾರುಕಟ್ಟೆಗೆ ಬರಲಿಲ್ಲ. ಇಂಥ ತೆಳು ಪದರಗಳಲ್ಲಿ ಈಗ ನೆರವಿಗೆ ಬರುತ್ತಿರುವುದು 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಬೆಳಕಿನ ಚದುರುವಿಕೆ. ಚಿನ್ನ, ಬೆಳ್ಳಿಯ ನ್ಯಾನೋ ಮೇಲ್ಮೈಗಳು ಆ ಸಂಕೇತವನ್ನು ಎಷ್ಟೋ ಪಟ್ಟು ಹೆಚ್ಚಿಸುವುದರಿಂದ ಒಂದು ಪದರದ ಅಣುಗಳ ಕಂಪನವೂ ಸಿಗುತ್ತದೆ.

ಈಗ ಹಾಳೆಗೆ ಬರೋಣ

ನಾರ್ತ್‌ವೆಸ್ಟರ್ನ್ ಹಾಳೆಯ ಕಷ್ಟ ಇನ್ನೊಂದು ಬಗೆಯದು. ಅದು ಒಂದು ಅಣುವಲ್ಲ, ಕೊನೆ ಮೊದಲಿಲ್ಲದ ಬಲೆ. ಇಷ್ಟು ದೊಡ್ಡ ರಚನೆಗಳಲ್ಲಿ ಎನ್‌ಎಂಆರ್ ಗೆರೆಗಳು ಅಗಲವಾಗಿ ಒಂದರ ಮೇಲೊಂದು ಬೀಳುತ್ತವೆ. ಒಡೆದು ತೂಕ ನೋಡುವ ಉಪಾಯವೂ ನಡೆಯದು. ಅತಿಗೆಂಪು ರೋಹಿತ ಕ್ರಿಯೆ ನಡೆದು ಹೊಸ ಬಂಧಗಳಾದವು ಎನ್ನುತ್ತದೆಯೇ ಹೊರತು ಅವು ಒಂದರೊಳಗೊಂದು ತೂರಿವೆಯೇ ಎಂದು ಹೇಳದು.

ತಂಡ ಇದಕ್ಕೆ ದಾರಿ ಕಂಡುಕೊಂಡಿದ್ದು ತಯಾರಿಯ ಹಂತದಲ್ಲೇ. ಎಕ್ಸ್ ಆಕಾರದ ಸಣ್ಣ ಅಣುಗಳನ್ನು ಮೊದಲು ಹರಳಾಗಿ ಜೋಡಿಸಿದರು. ಆಮೇಲೆ ಅವುಗಳ ತುದಿಗಳನ್ನು ಬೆಸೆಯುವ ಇನ್ನೊಂದು ಅಣುವನ್ನು ಹರಳಿನೊಳಕ್ಕೆ ಇಳಿಸಿದರು. ಜೋಡಣೆ ಮೊದಲೇ ಸರಿಯಾಗಿದ್ದುದರಿಂದ ಬೆಸುಗೆಯಾದಾಗ ಕೊಂಡಿಗಳು ತಾವಾಗಿಯೇ ಮುಚ್ಚಿಕೊಂಡವು. ಸಿಕ್ಕ ವಸ್ತುವೂ ಹರಳಿನ ಕ್ರಮ ಉಳಿಸಿಕೊಂಡಿತು. ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಮುಲ್ಲರ್ ಅವರ ಗುಂಪು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಆ ಕ್ರಮವನ್ನು ಖಚಿತಪಡಿಸಿತು. 2024ರ ಡಿಸೆಂಬರ್ 30ರಂದು ತೀರಿಕೊಂಡ ಸ್ಟಾಡರ್ಟ್ ಅವರ ನೆನಪಿಗೆ ತಂಡ ಈ ಪ್ರಬಂಧವನ್ನು ಅರ್ಪಿಸಿದೆ.

ಹಾಗಾದರೆ 100 ಲಕ್ಷ ಕೋಟಿ? ಅದನ್ನು ಯಾರೂ ಎಣಿಸಿಲ್ಲ, ಎಣಿಸಬೇಕಾಗಿಯೂ ಇಲ್ಲ. ಒಂದು ಸೆಂಟಿಮೀಟರ್ ಎಂದರೆ ಒಂದು ಕೋಟಿ ನ್ಯಾನೋಮೀಟರ್. ಚದರಕ್ಕೆ ಬಂದರೆ ಕೋಟಿ ಗುಣಿಸು ಕೋಟಿ, ಅಂದರೆ ಸರಿಯಾಗಿ 100 ಲಕ್ಷ ಕೋಟಿ. ಹಾಗಾಗಿ ಆ ದೊಡ್ಡ ಸಂಖ್ಯೆಯ ಅರ್ಥ ಇಷ್ಟೇ: ಚದರ ನ್ಯಾನೋಮೀಟರಿಗೆ ಸುಮಾರು ಒಂದು ಕೊಂಡಿ. ರಚನೆ ಗೊತ್ತಿದ್ದರೆ ಇದು ಸರಳ ಗುಣಾಕಾರ. ಹಾಳೆಯಲ್ಲಿ ಎಲ್ಲಿಯಾದರೂ ಹರಿದಿದ್ದರೆ, ಬಿಟ್ಟುಹೋಗಿದ್ದರೆ ಈ ಗುಣಾಕಾರ ಅದನ್ನು ಹೇಳುವುದಿಲ್ಲ.

ಪ್ರಕೃತಿ ಇದನ್ನು ಮೊದಲೇ ಮಾಡಿಟ್ಟಿದೆ ಎಂಬುದು ಬೇರೆ ವಿಷಯ. ಬ್ಯಾಕ್ಟೀರಿಯಾಗಳನ್ನು ಕಾಡುವ ಎಚ್‌ಕೆ97 ಎಂಬ ವೈರಸ್ಸಿನ ಹೊರಕವಚದಲ್ಲಿ ಪ್ರೋಟೀನ್ ಉಂಗುರಗಳು ಹೀಗೆಯೇ ಹೆಣೆದುಕೊಂಡಿವೆ. 2000ದಲ್ಲಿ ಎಕ್ಸ್-ಕಿರಣದಿಂದ ಅದು ಗೊತ್ತಾಯಿತು.

ಬುಲೆಟ್ ತಡೆಯುತ್ತದೆಯೇ?

ಸುದ್ದಿಯ ಈ ಭಾಗ ಅತಿ ಸಡಿಲವಾದದ್ದು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಪರೀಕ್ಷೆ ಇದು: ಅಲ್ಟೆಮ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಎಳೆಗೆ ಶೇಕಡ 2.5ರಷ್ಟು ಹೊಸ ಪಾಲಿಮರ್ ಬೆರೆಸಿದರು. ಎಳೆಯ ಬಿಗಿತ ಶೇಕಡ 45ರಷ್ಟು ಹೆಚ್ಚಿತು. ಇಷ್ಟು ಕಡಿಮೆ ಬೆರಕೆಗೆ ಇದು ದೊಡ್ಡ ಫಲಿತಾಂಶವೇ ಸರಿ. ಆದರೆ ಎಳೆದಾಗ ಎಷ್ಟು ಬಿಗಿಯಾಗಿರುತ್ತದೆ ಎಂಬುದೇ ಬೇರೆ, ಗುಂಡಿನ ಹೊಡೆತವನ್ನು ಎಷ್ಟು ಹೀರುತ್ತದೆ ಎಂಬುದೇ ಬೇರೆ. ಒಂದರಿಂದ ಇನ್ನೊಂದನ್ನು ಊಹಿಸುವುದು ಅವಸರ.

ಇನ್ನೂ ಮುಖ್ಯವಾದ ಪ್ರಶ್ನೆ, ಆ ಬಿಗಿತಕ್ಕೆ ಕಾರಣ ಕೊಂಡಿಗಳೇ ಎಂಬುದು. ತೆಳುವಾದ ಗಟ್ಟಿ ಹಾಳೆಗಳನ್ನು ಪ್ಲಾಸ್ಟಿಕ್‌ಗೆ ಬೆರೆಸಿದರೆ ಬಿಗಿತ ಹೆಚ್ಚುವುದು ಹೊಸದೇನಲ್ಲ. ಕೊಂಡಿಗಳ ಪಾತ್ರ ಎಷ್ಟು ಎಂದು ತಿಳಿಯಲು, ಅದೇ ರಾಸಾಯನಿಕ ಘಟಕಗಳಿಂದ ಮಾಡಿದ, ಆದರೆ ಕೊಂಡಿಗಳಿಲ್ಲದ ಹಾಳೆಯ ಜೊತೆ ಹೋಲಿಸಬೇಕು. ಕೊಬ್ಬಿನ ಆಮ್ಲ ಇಟ್ಟು ಮೆಮೊರಿಯನ್ನು ಪರೀಕ್ಷಿಸಿದ್ದೂ ಇದೇ ತರ್ಕದಿಂದ.

ಇನ್ನೊಂದು ದಾರಿಯೆಂದರೆ ಎಳೆಯುತ್ತಿರುವಾಗಲೇ ಒಳಗಿನ ಕೊಂಡಿಗಳು ಏನು ಮಾಡುತ್ತವೆ ಎಂದು ನೋಡುವುದು. ಇದಕ್ಕೆ ಮಾದರಿ ಈಗಾಗಲೇ ಇದೆ. ಯೊಶಿಮಿತ್ಸು ಸಗಾರ, ಕ್ರಿಸ್ಟೋಫ್ ವೆಡರ್ ಮತ್ತು ಸಂಗಡಿಗರು 2018ರಲ್ಲಿ ರಬ್ಬರಿನಂಥ ಪಾಲಿಮರ್‌ನೊಳಗೆ ರೊಟಾಕ್ಸೇನ್‌ಗಳನ್ನು ಸೇರಿಸಿದರು. ಉಂಗುರದ ಮೇಲೆ ಹೊಳೆಯುವ ಗುಂಪು, ಕಡ್ಡಿಯ ಮೇಲೆ ಆ ಹೊಳಪನ್ನು ನುಂಗುವ ಗುಂಪು. ಸುಮ್ನೆ ಇದ್ದಾಗ ಎರಡೂ ಹತ್ತಿರವಿರುವುದರಿಂದ ಹೊಳಪಿಲ್ಲ. ಎಳೆದರೆ ಉಂಗುರ ಜಾರಿ ದೂರವಾಗುತ್ತದೆ, ಅತಿನೇರಳೆ ಬೆಳಕಿನಲ್ಲಿ ಹೊಳೆಯುತ್ತದೆ. ಬಿಟ್ಟರೆ ಮತ್ತೆ ಆರುತ್ತದೆ. ಯಾವ ಬಂಧವೂ ಮುರಿಯದೆ ಉಂಗುರ ಜಾರಿತು ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕೇ? ಹಾಳೆಯ ಕೊಂಡಿಗಳಿಗೆ ಇಂಥದೇ ಹೊಳೆಯುವ ಗುಂಪುಗಳನ್ನು ಜೋಡಿಸಿ ಎಳೆದು ನೋಡಿದರೆ ಉತ್ತರ ಸಿಕ್ಕೀತು: ಕೊಂಡಿಗಳು ಜಾರಿ ಒತ್ತಡವನ್ನು ಹಂಚಿಕೊಳ್ಳುತ್ತಿವೆಯೋ, ಅಥವಾ ಹಾಳೆ ಬರೀ ಗಟ್ಟಿ ಪದರವಾಗಿ ವರ್ತಿಸುತ್ತಿದೆಯೋ. ಮೊದಲನೆಯದು ನಿಜವಾದರೆ ಸರಪಳಿ ಕವಚ ಎಂಬ ಮಾತಿಗೆ ಅರ್ಥ ಬರುತ್ತದೆ. ಎರಡನೆಯದಾದರೆ ಹಾಳೆ ಉಪಯುಕ್ತವಾಗಿಯೇ ಉಳಿಯುತ್ತದೆ, ಆದರೆ ಅದರ ಬಲದ ಕೀರ್ತಿ ಕೊಂಡಿಗಳಿಗೆ ಸಲ್ಲುವುದಿಲ್ಲ.